ಫ್ಯಾರೋ ಊರಿನ ಚರಿತ್ರೆಯಲ್ಲಿ ನನ್ನಜ್ಜಿ

ಪ್ಯಾರಮಟ್ಟಾದ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ದೂರದ ಉತ್ತರ ಕಡಲಿನ ಫ್ಯಾರೋ ದ್ವೀಪದವಳು. ಊಟದ ಹೊತ್ತಿಗೆ ಕಡಲತೀರದ ತನ್ನ ಊರಿನ ಕಥೆ ಹೇಳುತ್ತಿದ್ದಳು. ಮೊದಲು ಹುಲ್ಲು ಬೆಳೆದ ಸೂರಿನ ನಾಲ್ಕಾರು ಮನೆ, ಬಂಡೆಯ ಮೇಲೆ ಕೈಯಿಂದಲೇ ಎಳೆದಿಡುವ ದೋಣಿಗಳು. ಆಮೇಲೆ ಊರಿಗೆ ತನ್ನದೇ ಪುರಸಭೆ ಬಂತು, ಬಂದರು ಕಟ್ಟಿದರು, ಮೀನಿನ ಕಾರ್ಖಾನೆ ಎದ್ದಿತು. ಈಗ ಗುಡ್ಡ ಕೊರೆದ ಸುರಂಗದಲ್ಲಿ ಕಾರುಗಳು ಓಡುತ್ತವೆ. ನಾನು ಗಂಗೊಳ್ಳಿ ಕಡೆಯ ಮೀನುಗಾರರ ಮನೆಯವಳು. ಅಷ್ಟು ದೂರದ ಊರು ನನಗೆ ನೆರೆಯೂರಾಗಿಬಿಟ್ಟಿತು.

ಒಂದು ದಿನ ನನ್ನಜ್ಜಿಯ ವಿಷಯ ಹೇಳಿದೆ. ನಮ್ಮೂರಲ್ಲಿ ಬಂದರು ಕಟ್ಟುವಾಗ, ಹೆಂಗಸರು ಬಂಗುಡೆ ಮೀನು ಒಣಗಿಸುವ ಜಾಗಕ್ಕೆ ಕಲ್ಲು ಸುರಿಯಲು ಲಾರಿ ಬಂತಂತೆ. ಅಜ್ಜಿ ಮೀನಿನ ಚಾಪೆಗಳ ನಡುವೆ ಕೂತು, "ಮೊದಲು ನನ್ನ ಮೇಲೆ ಸುರಿ" ಎಂದಳಂತೆ. ಲಾರಿ ವಾಪಸು ಹೋಯಿತು; ಜಾಗ ಉಳಿಯಿತು. ಕೇಳಿ ಗೆಳತಿ ಕಣ್ಣೊರೆಸಿಕೊಂಡಳು.

ಮುಂದೆ ಅವಳು ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿ ಮನೆ ಮಾಡಿದಳು. ಅಲ್ಲೊಂದು ಸಭಾಂಗಣದಲ್ಲಿ ತನ್ನ ಊರು ಬೆಳೆದ ಬಗೆಯನ್ನು ಹೇಳುವುದಿತ್ತು. "ನೀನು ಬರಲೇಬೇಕು" ಎಂದಳು. ಫ್ಲೈಟ್ ಹಿಡಿದು ಹೋಗಿ ಮುಂದಿನ ಸಾಲಿನಲ್ಲಿ ಕೂತೆ.

ಬಂಡೆಗಳ ಮೇಲೆ ಉಪ್ಪುಮೀನು ಹರಡುತ್ತಿರುವ ಹೆಂಗಸರ ಹಳೆಯ ಫೋಟೋ ಪರದೆಯ ಮೇಲೆ ಬಂತು. "ಇವರಲ್ಲೊಬ್ಬಳು ನನ್ನಜ್ಜಿ," ಎಂದಳು. "ಬಂದರಿಗೆ ಕಲ್ಲು ತುಂಬಿದ ಲಾರಿ ಬಂದಾಗ..." ಕೊನೆಯ ಮಾತೂ ಅದೇ: ಮೊದಲು ನನ್ನ ಮೇಲೆ ಸುರಿ. ಜನ ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ.

ಹೊರಗೆ ಕಾರಿನ ಬಳಿ ಅವಳನ್ನು ಹಿಡಿದು ನಿಲ್ಲಿಸಿದೆ. "ಅದು ನನ್ನಜ್ಜಿ."

"ಕೋಪ ಮಾಡ್ಕೋಬೇಡ. ನಮ್ಮೂರ ಚರಿತ್ರೇಲಿ ಬರೀ ಗಂಡಸರು, ದೋಣಿ, ಪುರಸಭೆ. ಅಂಥ ಒಬ್ಬ ಹೆಂಗಸು ಬೇಕಿತ್ತು."

"ಅವಳ ಊರು ಯಾವುದು ಅಂತಾನಾದ್ರೂ ಹೇಳಬಹುದಿತ್ತಲ್ಲ?"

"ಇಲ್ಲಿ ಯಾರಿಗೆ ಗೊತ್ತಾಗುತ್ತೆ?"

ನನಗೆ ಗೊತ್ತಿತ್ತಲ್ಲ. ಗೊತ್ತಿದ್ದವಳನ್ನೇ ಕರೆದು ಮುಂದೆ ಕೂರಿಸಿಕೊಂಡಿದ್ದಳು. ಅದು ಯಾರ ಕಥೆಯೆಂಬುದನ್ನೇ ಮರೆತಿದ್ದಳೋ, ನಾನು ಬಾಯಿ ಬಿಡುವುದಿಲ್ಲವೆಂದು ನಂಬಿದ್ದಳೋ, ಇಂದಿಗೂ ತಿಳಿಯದು.

ಗಿರಾವೀನ್‌ನ ನಮ್ಮ ಮನೆಗೆ ಮರಳಿದಾಗ ಗಂಡ, "ಹೋಗ್ಲಿ ಬಿಡೇ, ಕಥೆ ತಾನೇ?" ಎಂದರು. ಬೆಂಗಳೂರಿನಲ್ಲೇ ಬೆಳೆದವರು, ಮೀನು ಒಣಗಿಸುವ ಜಾಗದ ಬೆಲೆ ಅವರಿಗೇನು ಗೊತ್ತು; ಅವರ ಮೇಲೂ ಸಿಟ್ಟು ಬಂತು.

ಕೆಲವು ತಿಂಗಳ ನಂತರ ಆ ಫ್ಯಾರೋ ಊರಿನ ಪುರಸಭೆಯ ವೆಬ್‌ಸೈಟ್ ತೆರೆದೆ. ಊರಿನ ಇತಿಹಾಸದ ಪುಟದಲ್ಲಿ, ಬಂದರಿನ ಚಿತ್ರದ ಕೆಳಗೆ, ಲಾರಿ ತಡೆದ ಅಜ್ಜಿ ಬಂದು ಕೂತಿದ್ದಳು. ಅದು ನನ್ನಜ್ಜಿಯ ಕಥೆಯೆಂದು ಪುರಸಭೆಗೆ ಮೇಲ್ ಮಾಡಿದೆ. ಉತ್ತರ ಬಹಳ ವಿನಯದಿಂದಲೇ ಬಂತು: ಈ ಕಥೆ ಹೇಳಿದವರನ್ನು ಮತ್ತೆ ವಿಚಾರಿಸಿದ್ದೇವೆ, ಅದು ತಮ್ಮ ಮನೆಯದೇ ನೆನಪು ಎಂದು ಅವರು ದೃಢಪಡಿಸಿದ್ದಾರೆ.

ಅಂದರೆ ಎರಡನೇ ಸಲ, ನೇರವಾಗಿ ಕೇಳಿದಾಗಲೂ, ಅವಳು ಹಾಗೆಯೇ ಹೇಳಿದ್ದಳು. ಆಮೇಲೆ ನಾನು ಅವಳಿಗೆ ಫೋನ್ ಮಾಡಲಿಲ್ಲ.