ಭೀಮೇಶನ ಮಳೆಯ ಲೆಕ್ಕ

ರೋಣದ ಕಾಲೇಜೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ಗೆಳೆಯ ಭೀಮೇಶ ಅಲ್ಲಿಯೇ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕನಾಗಿದ್ದ. ಅವನ ಹಳೆಯ ಲ್ಯಾಪ್‌ಟಾಪಿನ ಪರದೆ ತಾನಾಗಿ ನಿಲ್ಲುತ್ತಿರಲಿಲ್ಲ. ಗೋಡೆಗೆ ಆನಿಸಿಯೇ ಪಾಠ. ‘ಆರ್’ ಎಂಬ ಮುಕ್ತ ತಂತ್ರಾಂಶವನ್ನು ಕಲಿಸುವಾಗ ಹುಡುಗರಿಗೆ, “ರೊಕ್ಕಾ ಕೊಡೂದು ಬ್ಯಾಡ, ಕದಿಯೂದೂ ಬ್ಯಾಡ” ಎನ್ನುತ್ತಿದ್ದ.

ಅವನ ಊರು ಅಸೂಟಿ. ತಂದೆ ಅಮೋಘಸಿದ್ದಪ್ಪನವರು ಮಳೆ ಬಲ್ಲವರೆಂದು ಊರೇ ಒಪ್ಪುತ್ತಿತ್ತು. “ಉತ್ತರಿ ಮಳಿ ನಂಬಬ್ಯಾಡ್ರಿ, ಬಿತ್ತಾಕ ಹಸ್ತ ಬರೂತನಾ ತಡೀರಿ” ಎಂಬುದು ಅವರ ಮಾತು. ಊರಿನ ಮಳೆಮಾಪಕದ ಹಲವು ವರ್ಷಗಳ ದಿನದಿನದ ಅಂಕಿಗಳನ್ನು ಭೀಮೇಶ ತಿಂಗಳುವಾರು ಕೂಡಿಸಿ ನೋಡಿದ. ಉತ್ತರೆ ನಕ್ಷತ್ರದ ಮಳೆ ಬರುವುದು ಸೆಪ್ಟೆಂಬರಿನಲ್ಲಿ. ಪರದೆಯ ಮೇಲಿನ ನಕ್ಷೆಯಲ್ಲಿ ಆ ತಿಂಗಳ ಕಂಬವೇ ಎಲ್ಲಕ್ಕಿಂತ ಎತ್ತರ. ಕಟ್ಟೆಯ ಮೇಲೆ ಎಲ್ಲರೆದುರು, “ಅಪ್ಪಾ, ನಿನ್ನ ಮಾತು ಲೆಕ್ಕಕ್ಕ ಕೂಡಂಗಿಲ್ಲ” ಎಂದ.

ಪಕ್ಕದಲ್ಲಿದ್ದ ಗೌಸುಸಾಬ ನಕ್ಕ. “ಅಮೋಘಸಿದ್ದಣ್ಣಾ, ಇನ್ನ ಮುಗಿಲ ನೋಡಬ್ಯಾಡ, ಮಗನ ಡಬ್ಬಿ ನೋಡು!”

ಅಂದಿನಿಂದ ತಂದೆ ಮಗನೆದುರು ಮಳೆಯ ಮಾತೆತ್ತಲಿಲ್ಲ. ಎತ್ತು, ಮದುವೆ, ಊಟ ಎಲ್ಲ ಮಾತಾಡುತ್ತಿದ್ದರು. ಮಳೆ ಮಾತ್ರ ಇಲ್ಲ. ಅದು ಭೀಮೇಶನನ್ನು ಕೊರೆಯುತ್ತಿತ್ತು.

ಒಂದು ಶುಕ್ರವಾರ ಕಾಲೇಜಿನಲ್ಲಿ, ನನ್ನೆದುರೇ, ಅವನು ಅದೇ ಅಂಕಿಗಳನ್ನು ತಿಂಗಳ ಬದಲು ನಕ್ಷತ್ರದ ಪ್ರಕಾರ ಗುಂಪು ಮಾಡಿದ. ನಾಲ್ಕೈದು ಸಾಲು ಬರೆದು ಗುಂಡಿ ಒತ್ತಿದ. ತಿಂಗಳ ಆರಂಭದ ಹುಬ್ಬೆಗೆ ಎತ್ತರದ ಕಂಬ, ಕೊನೆಗೆ ಶುರುವಾಗುವ ಹಸ್ತಕ್ಕೂ ಎತ್ತರದ ಕಂಬ. ನಡುವೆ ಉತ್ತರೆಯದು ಮೋಟು. ಎರಡು ಬದಿಯ ಮಳೆಗಳು ಸೇರಿ ಸೆಪ್ಟೆಂಬರನ್ನು ತುಂಬಿ ತೋರಿಸಿದ್ದವು.

“ನಮ್ಮಪ್ಪಂದ ಖರೇ ಐತೋ,” ಎಂದ. ಕಣ್ಣು ತುಂಬಿದ್ದವು.

“ಈಗ ಫೋನ್ ಹಚ್ಚಿ ಹೇಳೋ ಮಾರಾಯಾ,” ಎಂದೆ.

“ಫೋನಿನ್ಯಾಗ ಬ್ಯಾಡ. ಮಂದಿ ಮುಂದ ಅಂದೀನಿ, ಮಂದಿ ಮುಂದನ ಹೇಳತೀನಿ. ರವಿವಾರ ಎಲ್ಲಾರೂ ಕಟ್ಟಿಗೆ ಬರ್ತಾರ.”

ಶನಿವಾರ ನರಗುಂದದಿಂದ ಬರುವಾಗ, ದಾರಿಯಲ್ಲಿ ನಿಂತಿದ್ದ ಟ್ರ್ಯಾಕ್ಟರಿಗೆ ಅವನ ಬೈಕು ಬಡಿಯಿತು. ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟ.

ದಿನಕರ್ಮಗಳೆಲ್ಲ ಮುಗಿದ ಮೇಲೆ ನಾನು ಕಾಲೇಜಿನಲ್ಲೇ ಉಳಿದಿದ್ದ ಅವನ ಲ್ಯಾಪ್‌ಟಾಪ್ ಹಿಡಿದು ಅಸೂಟಿಗೆ ಹೋದೆ. ಅಮೋಘಸಿದ್ದಪ್ಪನವರು ಪಡಸಾಲೆಯಲ್ಲಿ ಸುಮ್ಮನೆ ಕುಳಿತಿದ್ದರು. ಒಂದೊಂದೇ ಕಂಬ ತೋರಿಸಿ ಹೇಳಿದೆ. ಅವರು ಮೋಟು ಕಂಬದ ಮೇಲೆ ಬೆರಳಿಟ್ಟರು.

“ಇದು ಉತ್ತರಿ ಏನ್ರಿ?”

“ಹೌದ್ರಿ. ನೀವು ಹೇಳಿದ್ದು ಖರೇ ಇತ್ತು.”

“ನನಗ ಗೊತ್ತಿದ್ದದ್ದ ಐತಿ ಬಿಡ್ರಿ ಸರ. ಅಂವಗ ಗೊತ್ತಾಗಿತ್ತೇನು?”

“ಗೊತ್ತಾಗಿತ್ರಿ. ಇದನ್ನ ಅವನೇ ಮಾಡಿದ್ದು. ರವಿವಾರ ಕಟ್ಟಿ ಮ್ಯಾಲ, ಎಲ್ಲಾರ ಮುಂದ ಹೇಳಾಂವ ಇದ್ದ.”

ಅವರು ಕಂಬದ ಮೇಲಿಂದ ಬೆರಳು ತೆಗೆದರು.

“ಮಂದಿ ಯಾಕ ಬೇಕಿತ್ರೀ,” ಎಂದರು. “ನನಗೊಬ್ಬಗ ಹೇಳಿದ್ದರ ಆಗತಿತ್ತು.”