ಕಾವಲಿನಲ್ಲಿ ಸೂರಮ್ಮ ಹೊಡೆದ ಚೆಂಡು

ದೊಡ್ಡಉಳ್ಳಾರ್ತಿಯ ಸೂರಮ್ಮ ಗಾಲ್ಫ್ ಎಂಬ ಹೆಸರನ್ನು ಮೊದಲ ಸಲ ಕೇಳಿದ್ದು, ಕುರಿಗಳನ್ನು ಬೇರೆ ಕಡೆ ಹೊಡೆದುಕೊಂಡು ಹೋಗು ಎಂದು ಹೇಳಿಸಿಕೊಂಡಾಗ. ಊರ ಪಕ್ಕದ ಕಾವಲಿನಲ್ಲಿ, ಆ ವಿಶಾಲ ಹುಲ್ಲುಗಾವಲಿನಲ್ಲಿ, ಚಿಕ್ಕಂದಿನಿಂದ ಕುರಿ ಮೇಯಿಸಿದವಳು ಅವಳು. ಗಂಡ ತೀರಿಕೊಂಡ ಮೇಲೂ ಹಿಂಡು ಮಾರಲಿಲ್ಲ. ಮಗ ಮಾರುತೇಶ ಹತ್ತಿರದ ಸಂಶೋಧನಾ ಕೇಂದ್ರದಲ್ಲಿ ಬಸ್ ಓಡಿಸುತ್ತಿದ್ದ. ಮಾತು ಜೋರು, ನಗು ಅದಕ್ಕಿಂತ ಜೋರು ಎಂದು ಊರಲ್ಲಿ ಅವಳಿಗೆ ಹೆಸರು.

ಒಂದು ಬೆಳಗ್ಗೆ ಅದೇ ಕೇಂದ್ರದ ನೌಕರ ಕಿರಣ್‌ಕುಮಾರ್ ಬೈಕ್ ನಿಲ್ಲಿಸಿ ಅವಳ ಬಳಿ ಬಂದ.

“ಸೂರಮ್ಮೋರೆ, ಬರೋ ಭಾನುವಾರ ಈ ಕಡೆ ಕುರಿ ಬಿಡಬೇಡ್ರಿ. ಗಾಲ್ಫ್ ಪಂದ್ಯ ಐತೆ. ಕೋಲಿನಾಗೆ ಚೆಂಡು ಹೊಡೆದು ಕುಳಿಗೆ ಬೀಳಿಸೋ ಆಟ.”

“ಅದಕ್ಕೆ ಇಷ್ಟು ದೊಡ್ಡ ಕಾವಲು ಬೇಕೇನಪ್ಪಾ?”

“ಬೇಕು. ದಾವಣಗೆರೆ, ಬಳ್ಳಾರಿಯಿಂದೆಲ್ಲ ಆಡೋರು ಬರ್ತಾರೆ. ಅವರು ಕೊಡೋ ದುಡ್ಡು ಕ್ಯಾನ್ಸರ್ ಸಂಶೋಧನೆಗೆ ಹೋಗ್ತೈತೆ.”

ಸೂರಮ್ಮನ ಮುಖದ ನಗು ನಿಂತಿತು. ಮೂರು ವರ್ಷದ ಹಿಂದೆ ಅವಳ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ ಕಂಡಿತ್ತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ಔಷಧಿಗೆ ಕೂದಲೆಲ್ಲ ಉದುರಿ ಮತ್ತೆ ಬೆಳೆಯಿತು. ಊರಿನವರಿಗೆ ಹೊಟ್ಟೆಯ ಆಪರೇಷನ್ ಎಂದೂ, ಕೂದಲು ದೇವರಿಗೆ ಕೊಟ್ಟೆನೆಂದೂ ಹೇಳಿದ್ದಳು. ನಿಜ ಗೊತ್ತಿದ್ದದ್ದು ಮಗನಿಗೊಬ್ಬನಿಗೇ. ಕಾಯಿಲೆಯ ಹೆಸರು ಕೇಳಿದರೆ ಜನ ತನ್ನ ಮನೆಯ ನೀರನ್ನೂ ಕುಡಿಯಲಾರರು ಎಂಬ ಭಯ ಅವಳಿಗೆ.

“ಕುರಿ ಬಿಡಲ್ಲ,” ಎಂದಳು. “ಆದ್ರೆ ನಂಗೂ ಒಂದು ಕೋಲು ಕೊಡ್ಸಪ್ಪಾ. ನಾನೂ ಆಡ್ತೀನಿ.”

ತಮಾಷೆಯೆಂದುಕೊಂಡು ಕಿರಣ್‌ಕುಮಾರ್ ನಕ್ಕ. ಸೂರಮ್ಮ ನಗಲಿಲ್ಲ. ಅವನು ಒಪ್ಪಿಕೊಂಡ.

ಸುದ್ದಿ ತಿಳಿದ ಮಾರುತೇಶ ಸಂಜೆ ಕೇಳಿದ, “ನಿಂಗ್ಯಾಕವ್ವ ಆ ಆಟ?”

“ಯಾರೋ ಪುಣ್ಯಾತ್ಮರು ಕೂತು ಔಷಧಿ ಕಂಡುಹಿಡಿದಿದ್ಕೆ ನಾನು ಬದುಕಿದೀನಿ. ಆ ಕೆಲ್ಸಕ್ಕೆ ಅಂತ ನಮ್ಮ ಕಾವಲಾಗೆ ಆಡ್ತಾರೆ. ನಾನು ನೋಡ್ಕಂಡು ಸುಮ್ನೆ ಕೂರ್ಲಾ?”

ಭಾನುವಾರ ಹುಲ್ಲು ಸವರಿದ ಬಯಲಲ್ಲಿ ಬಾವುಟಗಳು ಹಾರುತ್ತಿದ್ದವು. ಸೂರಮ್ಮ ಸೆರಗು ಸಿಕ್ಕಿಸಿಕೊಂಡು ಕೋಲು ಬೀಸಿದಳು. ಮೊದಲ ಹೊಡೆತಕ್ಕೆ ದೂಳೆದ್ದಿತು, ಚೆಂಡು ಅಲ್ಲೇ ಇತ್ತು. ಎರಡನೆಯದೂ ಹಾಗೇ. ಮರದ ನೆರಳಲ್ಲಿ ಕೂತ ಊರ ಹೆಂಗಸರು ನಕ್ಕರು. ಅವರೆಲ್ಲರಿಗಿಂತ ಜೋರಾಗಿ ನಕ್ಕವಳು ಸೂರಮ್ಮ. ಮತ್ತೊಂದು ಏಟಿಗೆ ಚೆಂಡು ಹಾರಿ ಒಂದು ಪೊದೆಯೊಳಗೆ ಹೊಕ್ಕಿತು.

ಪಕ್ಕದ ಮನೆಯ ಪಾಪಕ್ಕ ಕೂಗಿದಳು, “ಹೊಟ್ಟೆ ಆಪರೇಷನ್ ಆದೋಳು ನೀನು. ನಿಂಗ್ಯಾಕೆ ಈ ಉಸಾಬರಿ?”

ಸೂರಮ್ಮ ಕೋಲೂರಿ ನಿಂತಳು. “ಹೊಟ್ಟೇದಲ್ಲ ಪಾಪಕ್ಕ. ನಂಗೆ ಎದೆಯಾಗೆ ಕ್ಯಾನ್ಸರ್ ಆಗಿತ್ತು. ಕುಯ್ದು ತೆಗೆದ್ರು. ಈಗ ಚೆನ್ನಾಗಿದೀನಿ.”

ನೆರಳಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೂರಮ್ಮ ಕಿರಣ್‌ಕುಮಾರನ ಕಡೆ ತಿರುಗಿ, “ಇನ್ನ ಎಲ್ಲಿಗೆ ಹೊಡೀಬೇಕಪ್ಪಾ?” ಎಂದಳು. ಆಟ ಮುಂದುವರಿಯಿತು. ಎಲ್ಲರಿಗಿಂತ ಕೊನೆಯವಳಾಗಿ ಮುಗಿಸಿದವಳು ಅವಳೇ.

ಊಟದ ಹೊತ್ತಿಗೆ ಪಾಪಕ್ಕ ಬಂದು ಪಕ್ಕದಲ್ಲಿ ಕೂತಳು. ಸೂರಮ್ಮನ ಕೈಯಲ್ಲಿದ್ದ ಚೊಂಬು ಇಸಿದುಕೊಂಡು ಗಟಗಟ ನೀರು ಕುಡಿದಳು. ಆಮೇಲೆ ದನಿ ತಗ್ಗಿಸಿ, “ನಂಗೂ ಎದೆಯಾಗೆ ಗಂಟಿನಂಗೆ ಏನೋ ಕೈಗೆ ಸಿಗ್ತೈತೆ ಕಣೆ. ಯಾರಿಗೆ ಹೇಳ್ಲಿ ಅಂತ ಸುಮ್ನಿದ್ದೆ,” ಎಂದಳು.

“ನಾಳೇನೇ ಹೋಗಾನ. ನಾನೂ ಬರ್ತೀನಿ.”

ದಾವಣಗೆರೆಯ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರು. ಫಲಿತಾಂಶ ಬರುವವರೆಗೆ ಪಾಪಕ್ಕನಿಗೆ ತುತ್ತು ಇಳಿಯಲಿಲ್ಲ. ಸೂರಮ್ಮ ದಿನಾ ಹೋಗಿ ಅವಳ ಜೊತೆ ಕೂತು ಬರುತ್ತಿದ್ದಳು. ಕೊನೆಗೆ ಇಬ್ಬರೂ ಮತ್ತೆ ದಾವಣಗೆರೆಗೆ ಹೋದಾಗ ಡಾಕ್ಟರು, ಇದು ಸಾದಾ ಗಂಟು, ಹೆದರಬೇಡಿ, ಆಗಾಗ ಬಂದು ತೋರಿಸಿ ಎಂದರು. ಬಸ್‌ ಸ್ಟ್ಯಾಂಡಿನ ಬಳಿ ಪಾಪಕ್ಕ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಕೂತವಳು, ಚಳ್ಳಕೆರೆಯ ಬಸ್ಸು ಹೊರಟುಹೋದರೂ ಏಳಲಿಲ್ಲ. ಸೂರಮ್ಮ ಅವಳಿಗೆ ಇನ್ನೊಂದು ಪ್ಲೇಟ್ ಹೇಳಿದಳು.

ಮಾರನೆಯ ವರ್ಷ ಊರಿನ ನಾಲ್ವರು ಹೆಂಗಸರು ಪಂದ್ಯಕ್ಕಿಳಿದರು. ಪಾಪಕ್ಕನ ಚೆಂಡು ಸೂರಮ್ಮನದಕ್ಕಿಂತ ದೂರ ಹೋಯಿತು.

“ಗಾಳಿ ನಿನ್ನ ಕಡೆಗಿತ್ತು,” ಎಂದಳು ಸೂರಮ್ಮ.

“ಯಾವ ಗಾಳಿ? ಒಂದು ಎಲೆ ಅಲ್ಲಾಡಿಲ್ಲ,” ಎಂದ ಪಾಪಕ್ಕ ನ್ಯಾಯಕ್ಕೆ ಕಿರಣ್‌ಕುಮಾರನನ್ನು ಕರೆದಳು. ಅವನು, ತಾನು ಆಗ ಬೇರೆ ಕಡೆ ನೋಡುತ್ತಿದ್ದೆ ಎಂದು ಹೇಳಿ ಮೆಲ್ಲನೆ ಜಾರಿಕೊಂಡ.