ನೀರಲ್ಲಿ ಮುಳುಗಿದ ಪೈಪು

2022ರ ಫೆಬ್ರವರಿಯಲ್ಲಿ ನಾನು ಮೈಸೂರಿನ ಖಾಸಗಿ ಪ್ರಯೋಗಾಲಯವೊಂದರಲ್ಲಿ ಪ್ಲಾಸ್ಟಿಕ್ ಪರೀಕ್ಷಾ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಅಮ್ಮತ್ತಿ ಬಳಿಯ ಕಾಫಿ ಎಸ್ಟೇಟೊಂದರಿಂದ ಪೈಪಿನ ತುಂಡೊಂದು ಬಂತು. ಹೂ ಅರಳಿಸಲು ಸ್ಪ್ರಿಂಕ್ಲರ್ ಹಾಕುವ ಹೊತ್ತಿನಲ್ಲೇ ಅಲ್ಲಿನ ಹೊಸ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪುಗಳು ಸೀಳುತ್ತಿದ್ದವು. ಪಂಪ್ ನೋಡಿಕೊಳ್ಳುವ ಮಣಿ ರಜೆಯ ವಿಷಯಕ್ಕೆ ಜಗಳವಾಡಿದ್ದನಂತೆ. ಅವನೇ ಬೇಕೆಂದು ಒಡೆಯುತ್ತಿದ್ದಾನೆಂದು ಮ್ಯಾನೇಜರ್ ಪೂವಯ್ಯನವರ ಅನುಮಾನ.

ತುಂಡನ್ನು ಎಳೆದು, ಬಡಿದು ಪರೀಕ್ಷಿಸಿದೆ. ಎಲ್ಲ ಸರಿಯಿತ್ತು. ‘ವಸ್ತುವಿನಲ್ಲಿ ದೋಷವಿಲ್ಲ’ ಎಂದು ವರದಿ ಕಳಿಸಿದೆ. ಯಾರೋ ಒಡೆದದ್ದೇ ಇರಬೇಕೆಂದು ನನಗೂ ಅನ್ನಿಸಿತು.

ಮೂರೇ ದಿನಕ್ಕೆ, ವರದಿಯಲ್ಲಿದ್ದ ನಂಬರಿಗೆ ಮಣಿಯ ಹೆಂಡತಿ ಸೆಲ್ವಿ ಫೋನ್ ಮಾಡಿದಳು.

“ನಿಮ್ಮ ಪೇಪರ್ ತೋರ್ಸಿ ಎಸ್ಟೇಟ್ನೋರು ಕೊಟ್ಟ ಲೈನ್ ಮನೆ ಖಾಲಿ ಮಾಡಿ ಅಂತಾರೆ ಮೇಡಂ. ನೀವು ಒಡೆದ ಪೈಪ್ ನೋಡಿದ್ರಾ?”

ನೋಡಿರಲಿಲ್ಲ. ನನಗೆ ಬಂದದ್ದು ಗರಗಸದಲ್ಲಿ ನೀಟಾಗಿ ಕೊಯ್ದ, ಬಿರುಕಿಲ್ಲದ ತುಂಡು. ಸೆಲ್ವಿಯನ್ನೂ ಪೂರ್ತಿ ನಂಬಲಿಲ್ಲ. ಗಂಡನನ್ನು ಉಳಿಸಿಕೊಳ್ಳಲು ಯಾರಾದರೂ ಏನಾದರೂ ಹೇಳಿಯಾರು. ಆದರೂ ಮರುದಿನ ಬೆಳಿಗ್ಗೆ ಎಸ್ಟೇಟಿಗೆ ಹೊರಟೆ.

“ಆ ತುಂಡು ಕೊಯ್ದವರು ಯಾರು?” ಎಂದು ಪೂವಯ್ಯನವರನ್ನು ಕೇಳಿದೆ.

“ಪೈಪ್ ಏಜೆಂಟ್ರೇ ತಂದ್ಕೊಟ್ರು. ಅವರದೇ ಮಾಲು ಅಲ್ವಾ?”

ಏಜೆಂಟ್ ಪಕ್ಕದಲ್ಲೇ ನಿಂತು ಫೋನ್ ನೋಡುತ್ತಿದ್ದ. ಮಣಿ ದೂರದಲ್ಲಿದ್ದ. ಸೀಳಿದ ಪೈಪೊಂದನ್ನು ನಾನೇ ಆರಿಸಿ, ತುಂಡು ಕೊಯ್ದು, ನೀರಿನ ತೊಟ್ಟಿಗೆ ಹಾಕಿದೆ. ಶುದ್ಧ ಎಚ್‌ಡಿಪಿಇ ನೀರಿಗಿಂತ ಹಗುರ, ತೇಲಬೇಕು. ಇದು ಸೀದಾ ತಳ ಸೇರಿತು.

“ಮಣ್ಣು ಮೆತ್ತಿರ್ಬೇಕು,” ಎಂದ ಏಜೆಂಟ್.

ಉಜ್ಜಿ ತೊಳೆದು ಮತ್ತೆ ಹಾಕಿದೆ. ಮತ್ತೆ ಮುಳುಗಿತು.

ಪ್ರಯೋಗಾಲಯದ ಕುಲುಮೆಯಲ್ಲಿ ನೂರು ಗ್ರಾಂ ಸುಟ್ಟಾಗ ಮೂವತ್ತೊಂದು ಗ್ರಾಂ ಪುಡಿ ಉಳಿಯಿತು: ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನ ಹುಡಿ. ಪ್ಲಾಸ್ಟಿಕ್ಕಿಗೆ ಖನಿಜ ಬೆರೆಸುವುದೇ ತಪ್ಪಲ್ಲ. ಹದವಾಗಿ ಬೆರೆಸಿದರೆ ಗಡಸುತನ ಬರುತ್ತದೆ. ಆದರೆ ಒತ್ತಡ ತಾಳಬೇಕಾದ ಪೈಪಿಗೆ ಇಷ್ಟು ಸುರಿದರೆ ಅದು ಹಿಗ್ಗುವ ಗುಣ ಕಳೆದುಕೊಂಡು ನೀರಿನ ಒತ್ತಡದ ಹೊಡೆತಕ್ಕೆ ಸೀಳುತ್ತದೆ. ಕೈಯಲ್ಲಿ ಹಿಡಿದರೆ ಮಾತ್ರ ಒಳ್ಳೆಯ ಪೈಪಿಗಿಂತ ಗಟ್ಟಿ ಅನ್ನಿಸುತ್ತದೆ.

ಹಳೆಯ ವರದಿಯನ್ನು ರದ್ದುಮಾಡಿ ಹೊಸದನ್ನು ನಾನೇ ಒಯ್ದು ಕೊಟ್ಟೆ. ಪೂವಯ್ಯನವರು ಓದಿ, ಮಣಿಯನ್ನು ಕರೆಸಿ, “ತಪ್ಪಾಯ್ತು ಮಾರಾಯಾ, ಕೆಲಸಕ್ಕೆ ಬಾ,” ಎಂದರು. ಅವನು ತಲೆಯಾಡಿಸಿದ. ಆದರೆ ಹದಿನೈದು ದಿನದೊಳಗೆ ಸಂಸಾರ ಕಟ್ಟಿಕೊಂಡು ಶ್ರೀಮಂಗಲದ ಕಡೆಯ ಎಸ್ಟೇಟಿಗೆ ಹೋದ. ಹೋಗುವ ಮುಂಚೆ ನನಗೊಂದು ಫೋನ್ ಮಾಡಿದ್ದ.

“ಎರಡನೇ ಪೇಪರ್ ಚೆನ್ನಾಗೇ ಬರ್ದಿದ್ದೀರಿ ಮೇಡಂ. ಮೊದಲ್ನೇದಕ್ಕೂ ನಿಮ್ದೇ ಸೈನ್ ಅಲ್ವಾ?”

ಹೌದೆಂದೆ. ಯಂತ್ರಗಳು ಅಂದು ಸುಳ್ಳು ಹೇಳಿರಲಿಲ್ಲ; ಏಜೆಂಟ್ ಕೊಟ್ಟದ್ದು ಒಳ್ಳೆಯ ಪೈಪಿನ ತುಂಡೇ. ಕೇಳಬೇಕಾದ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ನಿವೃತ್ತಳಾಗುವವರೆಗೂ, ತುಂಡು ಯಾರ ಕೈಯಿಂದ ಬಂತೆಂದು ಬರೆಯದೆ ಮತ್ತೆಂದೂ ಸಹಿ ಹಾಕಲಿಲ್ಲ.